ಇವಾಂಡರನ ಅಪ್ಪ ಮೇಜಿಗೆ ಯಾಕೆ ಬರಲಿಲ್ಲ

ಗ್ರಿನ್ನಬೋಸ್ಟ್ ಊರಿನ ಚರ್ಚಿಗೆ ಫಿನ್ಲೇ ಮಾರಿಸನ್ ಮತ್ತು ಅವನ ಹೆಂಡತಿ ಎಫಿ ಯಾವತ್ತೂ ಒಟ್ಟಿಗೇ ನಡೆದು ಬರುತ್ತಿದ್ದರು. ಲೂವಿಸ್ ದ್ವೀಪದ ಗಾಳಿಗೆ ಅವಳು ತನ್ನ ಟೋಪಿ ಹಿಡಿದುಕೊಳ್ಳಬೇಕು, ಅವನು ಅವಳನ್ನು ಹಿಡಿದುಕೊಳ್ಳಬೇಕು. ಒಳಗೆ ಬಂದರೆ ಹಿಂದಿನಿಂದ ಮೂರನೇ ಬೆಂಚಿನಲ್ಲಿ ಅಕ್ಕಪಕ್ಕ ಕೂರುವರು. ಆದರೆ ವರ್ಷಕ್ಕೆರಡು ಸಲ ಬರುವ ಕರ್ತನ ಭೋಜನದ ಭಾನುವಾರ ಮಾತ್ರ ಎಫಿ ಒಬ್ಬಳೇ ಎದ್ದು, ನಡುದಾರಿಯಲ್ಲಿ ನಡೆದು, ಬಿಳಿ ಬಟ್ಟೆ ಹಾಸಿದ ಉದ್ದ ಮೇಜಿಗೆ ಹೋಗಿ ಕೂರುತ್ತಿದ್ದಳು. ಫಿನ್ಲೇ ಬೆಂಚಿನಲ್ಲೇ ಉಳಿಯುತ್ತಿದ್ದ. ರೊಟ್ಟಿಯೂ ದ್ರಾಕ್ಷಾರಸವೂ ಅವನ ಕಣ್ಣೆದುರಿಗೇ ಕೈಯಿಂದ ಕೈಗೆ ಹೋಗುತ್ತಿದ್ದವು.

ಇದರಲ್ಲಿ ಊರಿಗೆ ಏನೂ ವಿಚಿತ್ರ ಕಾಣುತ್ತಿರಲಿಲ್ಲ. ನಮ್ಮ ಕಡೆ ಅರ್ಧ ಚರ್ಚು ಹೀಗೇ. ಹುಟ್ಟಿದಾಗಿನಿಂದ ಒಂದು ಭಾನುವಾರ ತಪ್ಪಿಸಿರುವುದಿಲ್ಲ, ಮಕ್ಕಳಿಗೆಲ್ಲ ದೀಕ್ಷಾಸ್ನಾನ ಮಾಡಿಸಿರುತ್ತಾರೆ, ಮನೆಯಲ್ಲಿ ಎರಡು ಹೊತ್ತು ಸತ್ಯವೇದ ಓದಿ ಮೊಣಕಾಲೂರುತ್ತಾರೆ. ಆದರೆ ಮೇಜಿಗೆ ಬನ್ನಿ ಎಂದರೆ ತಲೆ ತಗ್ಗಿಸುತ್ತಾರೆ. ಯೋಗ್ಯತೆ ಇಲ್ಲದೆ ಅಲ್ಲಿ ಕೈ ಚಾಚಿದವನು ತನ್ನ ತಲೆಯ ಮೇಲೆ ತಾನೇ ಕಲ್ಲು ಎಳೆದುಕೊಂಡ ಹಾಗೆ ಎಂದು ಚಿಕ್ಕಂದಿನಿಂದ ಕೇಳಿದವರು. ಆಚೆ ದಡದ ಸ್ಕಾಟ್ಲೆಂಡಿನವರು ಇದನ್ನು ನೋಡಿ ನಗುತ್ತಾರೆ. ನಗಲಿ ಬಿಡಿ, ಅವರಿಗೆ ಭಾನುವಾರ ಬಟ್ಟೆ ಒಗೆದು ಹಗ್ಗಕ್ಕೆ ಹಾಕುವುದೂ ತಪ್ಪಲ್ಲ.

ಊರಿಗೆ ವಿಚಿತ್ರ ಕಾಣದ್ದು ಫಿನ್ಲೇಯ ಮಗನಿಗೆ ಕಾಣುತ್ತಿತ್ತು. ಅವನು ಇವಾಂಡರ್. ಹುಟ್ಟಾ ಪ್ರಶ್ನೆಗಾರ. ಕುರಿಯ ಕಿವಿಗೆ ಯಾಕೆ ಕತ್ತರಿ ಹಾಕುತ್ತೀರಿ, ಒಲೆಗೆ ಹಾಕುವ ಪೀಟ್ ಮಣ್ಣು ಉರಿಯುವಾಗ ಗದ್ದೆಯ ಮಣ್ಣು ಯಾಕೆ ಉರಿಯುವುದಿಲ್ಲ, ದೇವರು ನಮ್ಮ ದ್ವೀಪದ ಗೇಲಿಕ್ ಮಾತಾಡುವಾಗ ಪಾದ್ರಿಗಳು ಯಾಕೆ ಇಂಗ್ಲಿಷಿನಲ್ಲಿ ಕೆಮ್ಮುತ್ತಾರೆ ಎಂದೆಲ್ಲ ಕೇಳಿ ಬೈಸಿಕೊಂಡವನು. ದೊಡ್ಡವನಾದ ಮೇಲೆ ಸಂಚಾರಿ ಅಂಗಡಿಯ ವ್ಯಾನು ಓಡಿಸುತ್ತಿದ್ದ. ಆ ಕೆಲಸ ಅವನಿಗೆಂದೇ ಮಾಡಿಸಿದ ಹಾಗಿತ್ತು. ಸಕ್ಕರೆ, ಬೆಂಕಿಪೊಟ್ಟಣ, ಬಿಸ್ಕತ್ತು ಕೊಡುತ್ತಾ ಮನೆಮನೆಯ ಸಮಾಚಾರ ತೆಗೆದುಕೊಳ್ಳುವುದು. ಯಾರ ಮನೆಯಲ್ಲಿ ಕಾಯಿಲೆ, ಯಾರ ಮನೆಯಲ್ಲಿ ಮಾತು ನಿಂತಿದೆ ಎಂಬುದು ಅವನಿಗೆ ಅವರು ಕೊಳ್ಳುವ ಸಾಮಾನಿನಲ್ಲೇ ತಿಳಿಯುತ್ತಿತ್ತು. ಕಾಯಿಲೆಯವರ ಹತ್ತಿರ ಸ್ವಲ್ಪ ಹೊತ್ತು ಕೂತು, ಒಂದು ಕೀರ್ತನೆ ಹೇಳಿ ಏಳುವ ಅಭ್ಯಾಸವಾಯಿತು. ಆಮೇಲೆ ಜನ ಬಿಸ್ಕತ್ತು ಬೇಡದಿದ್ದರೂ ವ್ಯಾನು ನಿಲ್ಲಿಸತೊಡಗಿದರು. ನಲವತ್ತು ಹತ್ತಿರವಾಗುವಾಗ, ತಾನು ಸಭಾಪಾಲಕನಾಗಬೇಕು ಎಂಬ ಆಸೆ ಅವನೊಳಗೆ ಹಟ ಹಿಡಿದು ಕೂತುಬಿಟ್ಟಿತ್ತು.

ಮೊದಲು ಹೇಳಿದ್ದು ಅಪ್ಪನಿಗೆ. ಫಿನ್ಲೇ ಮನೆ ಪಕ್ಕದ ಕೊಟ್ಟಿಗೆಯಲ್ಲಿ ಟ್ವೀಡ್ ಉಣ್ಣೆಬಟ್ಟೆ ನೇಯುತ್ತಿದ್ದ. ಮಗ್ಗ ನಿಲ್ಲಿಸಿ ಕೇಳಿದ.

"ಅದಕ್ಕೆ ಓದಬೇಕಲ್ಲೋ?"

"ಓದ್ತೀನಿ."

"ಗ್ರೀಕು?"

"ಗ್ರೀಕೂ, ಹೀಬ್ರೂನೂ."

"ಸಾಮಾನಿನ ಚೀಟೀಲಿ ಗೇಲಿಕ್ಕೇ ನೆಟ್ಟಗೆ ಬರೆಯಲ್ಲ ನೀನು," ಅಂದ ಫಿನ್ಲೇ. ಮತ್ತೆ ಕಾಲು ತುಳಿಗೆಯ ಮೇಲೆ ಹೋಯಿತು. ಆದರೆ ಆ ಸಂಜೆ ಮನೆಪ್ರಾರ್ಥನೆಯಲ್ಲಿ ಅವನು ಕುರ್ಚಿಗೆ ತಲೆಯಾನಿಸಿ ಮಗನಿಗಾಗಿ ಪ್ರಾರ್ಥಿಸಿದ ರೀತಿಗೆ ಎಫಿ ಸೆರಗಿನ ಹಾಗೆ ಏಪ್ರನ್ನನ್ನು ಕಣ್ಣಿಗೆ ಒತ್ತಿಕೊಳ್ಳಬೇಕಾಯಿತು. ಹಾಗೆ ಪ್ರಾರ್ಥಿಸುವವರು ಊರಿನಲ್ಲಿ ಬೇರೆ ಇರಲಿಲ್ಲ, ಪಾದ್ರಿಯನ್ನೂ ಸೇರಿಸಿ.

ನಮ್ಮ ಪ್ರೆಸ್ಬಿಟೇರಿಯನ್ ಸಭೆಯಲ್ಲಿ ನನಗೆ ದೇವರ ಕರೆ ಬಂದಿದೆ ಎಂದು ಒಬ್ಬ ಹೇಳಿದರೆ, ಹೌದೇ, ಬಾ ಎಂದು ಯಾರೂ ಕರೆದು ಕೂರಿಸುವುದಿಲ್ಲ. ನಿನಗೆ ಕೇಳಿಸಿದ್ದು ನಮಗೂ ಕೇಳಿಸಬೇಕು ಎನ್ನುತ್ತಾರೆ. ಎಡಿನ್‌ಬರೋದಲ್ಲಿ ಆಯ್ಕೆಯ ಮಂಡಳಿಯವರು ಇವಾಂಡರನನ್ನು ಎರಡು ದಿನ ಕೂರಿಸಿ, ನಿಲ್ಲಿಸಿ, ತಿರುಗಿಸಿ ನೋಡಿದರು. ಒಬ್ಬರು, "ಯಾಕೆ ನೀವು?" ಅಂದರು. ಇವಾಂಡರ್, "ಯೋಗ್ಯತೆ ಏನೂ ಇಲ್ಲ ನಂಗೆ, ನಾನು ವ್ಯಾನಿನಲ್ಲಿ ಬಿಸ್ಕತ್ತು ಮಾರೋನು," ಅಂದ. ಮೇಜಿನಾಚೆಯ ತಲೆಗಳು ಮೆಚ್ಚುಗೆಯಿಂದ ಆಡಿದವು. ಆ ಆಡಿಕೆ ಇವಾಂಡರನಿಗೆ ಹಿತವಾಯಿತು. ಆಗ ಅದರ ಬಗ್ಗೆ ಅವನು ಹೆಚ್ಚು ಯೋಚಿಸಲಿಲ್ಲ.

ಕೊನೆಗೆ ಒಬ್ಬ ಹೆಂಗಸು ಕೇಳಿದರು, "ನಿಮಗೆ ಪ್ರಾರ್ಥನೆ ಮಾಡೋದನ್ನ ಕಲಿಸಿದವರು ಯಾರು?"

"ನಮ್ಮಪ್ಪ."

"ಅವರು ಸಭಾಹಿರಿಯರಾ?"

"ಅಲ್ಲ. ಅವರು ಇವತ್ತಿನವರೆಗೂ ಕರ್ತನ ಭೋಜನಕ್ಕೇ ಕೂತಿಲ್ಲ."

ಆಕೆ ಪೆನ್ನು ಕೆಳಗಿಟ್ಟು, "ಯಾಕೆ?" ಅಂದರು.

ಇವಾಂಡರನಿಗೆ ಉತ್ತರ ಗೊತ್ತಿರಲಿಲ್ಲ. ಊರೆಲ್ಲಾ ಪ್ರಶ್ನೆ ಕೇಳಿದವನು ಇದೊಂದನ್ನು ಅಪ್ಪನ ಮುಖಕ್ಕೆ ಯಾವತ್ತೂ ಕೇಳಿರಲಿಲ್ಲ. ನಮ್ಮಲ್ಲಿ ಅದನ್ನು ಕೇಳುವ ಪದ್ಧತಿಯಿಲ್ಲ. ಒಬ್ಬನ ಸಂಬಳ ಬೇಕಾದರೆ ಕೇಳಬಹುದು.

ಅಲ್ಲಿಂದ ಮುಂದೆ ಗ್ಲಾಸ್ಗೋದಲ್ಲಿ ಓದಿದ ಅಷ್ಟೂ ವರ್ಷ ಆ ಪ್ರಶ್ನೆ ಅವನ ಬೆನ್ನು ಬಿಡಲಿಲ್ಲ. ಗ್ರೀಕು ಕಲಿತ, ಆಸ್ಪತ್ರೆಯ ವಾರ್ಡುಗಳಲ್ಲಿ ರೋಗಿಗಳ ಪಕ್ಕ ಕೂರುವುದನ್ನು ಕಲಿತ; ಅದು ಮೊದಲೇ ಬರುತ್ತಿತ್ತು, ಆದರೆ ಕಲಿತೆ ಎಂದು ಬರೆದುಕೊಡಬೇಕಿತ್ತು. ಹಳೆಯ ದೇವಶಾಸ್ತ್ರಿಗಳು ನಿಶ್ಚಯದ ಬಗ್ಗೆ, ಅಂದರೆ ತಾನು ದೇವರವನು ಎಂದು ಒಬ್ಬ ಮನುಷ್ಯನಿಗೆ ಖಾತ್ರಿಯಾಗುವುದು ಹೇಗೆ ಎಂಬುದರ ಬಗ್ಗೆ ಬರೆದದ್ದನ್ನೆಲ್ಲ ಅಪ್ಪನನ್ನು ಮುಂದಿಟ್ಟುಕೊಂಡೇ ಓದಿದ. ರಜಕ್ಕೆ ಬಂದಾಗ ಸುತ್ತಿನವರನ್ನು ಮೆಲ್ಲಗೆ ಕೆದಕುತ್ತಿದ್ದ.

ಅತ್ತೆ ಡೊಲೀನಾ, ಅಂದರೆ ಫಿನ್ಲೇಯ ತಂಗಿ, ತಾನೂ ಹಿಂದಿನ ಬೆಂಚಿನವಳೇ. "ಅವನು ಒಂದ್ಸಲ ಭಾನುವಾರ ಟಗರಿಗೆ ಕೆಟ್ಟ ಮಾತು ಬೈದ. ಅದು ಅವನ ಮನಸ್ಸಲ್ಲಿ ಕೂತುಬಿಟ್ಟಿದೆ," ಅಂದಳು.

"ಬೈದಿದ್ದಕ್ಕೆ ಇಷ್ಟು ವರ್ಷಾನಾ?"

"ಏನು ಬೈದ ಅಂತ ನೀನು ಕೇಳಿದ್ದಿದ್ರೆ ಹಾಗನ್ನುತ್ತಿರಲಿಲ್ಲ."

ಎಫಿಯ ಉತ್ತರ ಚಿಕ್ಕದು. "ನಿಮ್ಮಪ್ಪಂಗೆ ಹಟ ಕಣೋ. ಬೇರೆ ಏನೂ ಇಲ್ಲ." ಅಷ್ಟು ಹೇಳಿ ಆಲೂಗಡ್ಡೆಯ ಪಾತ್ರೆಯನ್ನು ಬೇಕಾದ್ದಕ್ಕಿಂತ ಜೋರಾಗಿ ಕುಕ್ಕಿದಳು.

ಓದು ಮುಗಿಯಿತು. ಬೋಧನೆಯ ಅನುಮತಿ ಸಿಕ್ಕಿತು, ಇನ್ನೊಬ್ಬ ಪಾದ್ರಿಯ ಕೈಕೆಳಗಿನ ತರಬೇತಿಯೂ ಮುಗಿಯಿತು. ಆಚೆ ದಡದ ಪರ್ತ್ ಹತ್ತಿರದ ಒಂದು ಸಭೆ ಇವಾಂಡರನ ಪ್ರಸಂಗ ಕೇಳಿ, ಮತದ ಚೀಟಿ ಹಾಕಿ, ನೀವೇ ಬೇಕು ಎಂದು ಕರೆ ಕೊಟ್ಟಿತು. ಅಕ್ಟೋಬರಿನಲ್ಲಿ ಅಲ್ಲಿ ಹಸ್ತನಿಕ್ಷೇಪ, ಅಂದರೆ ಹಿರಿಯರೆಲ್ಲ ತಲೆಯ ಮೇಲೆ ಕೈಯಿಟ್ಟು ದೀಕ್ಷೆ ಕೊಡುವುದು. ಅದಕ್ಕೆ ಮುಂಚೆ ಸೆಪ್ಟೆಂಬರಿನಲ್ಲಿ ಸ್ವಂತ ಊರಿನ ಕರ್ತನ ಭೋಜನ. ಅಪ್ಪನಿಗೆ ಎಂಬತ್ತು ದಾಟಿತ್ತು. ಪರ್ತ್‌ಗೆ ಹೋದಮೇಲೆ ಭೋಜನದ ದಿನಗಳಿಗೆ ತನ್ನ ಸಭೆ ಬಿಟ್ಟು ಬರಲು ಆಗುವುದಿಲ್ಲ ಎಂದು ಇವಾಂಡರನಿಗೆ ಗೊತ್ತಿತ್ತು. ಒಂದೇ ಒಂದು ಸಲ ಅಪ್ಪ, ಅಮ್ಮ, ತಾನು ಒಂದೇ ಮೇಜಿಗೆ ಕೂರಬೇಕು, ತನ್ನ ಕೈಯಿಂದ ಅಪ್ಪನ ಕೈಗೆ ರೊಟ್ಟಿ ಹೋಗಬೇಕು. ಲೋಕಕ್ಕೆಲ್ಲ ರೊಟ್ಟಿ ಮುರಿದು ಕೊಡಲು ಹೊರಟವನು ಮನೆಯವನಿಗೆ ಕೊಡದೆ ಹೇಗೆ ಹೋಗುವುದು? ಇದು ಅವನನ್ನು ತಿನ್ನುತ್ತಿತ್ತು.

ಊರಿಗೆ ಬಂದ ದಿನವೇ ಕೊಟ್ಟಿಗೆಗೆ ಹೋಗಿ ಕೇಳಿಯೇಬಿಟ್ಟ.

"ಅಪ್ಪಾ, ನೀನು ಮೇಜಿಗೆ ಯಾಕೆ ಬರಲ್ಲ?"

ಫಿನ್ಲೇ ಮಗನ ಮುಖ ನೋಡಿದ. ಆಮೇಲೆ ಮಗ್ಗ ತುಳಿಯಲು ಶುರುಮಾಡಿದ. ಆ ಮಗ್ಗ ಓಡುವಾಗ ಪಕ್ಕದಲ್ಲಿ ಸಿಡಿಲು ಬಡಿದರೂ ಕೇಳಿಸುವುದಿಲ್ಲ. ಇವಾಂಡರ್ ಅದೇ ಉತ್ತರ ಎಂದುಕೊಂಡು ಹೊರಗೆ ಬಂದ.

ಕರ್ತನ ಭೋಜನ ಎಂದರೆ ನಮ್ಮಲ್ಲಿ ಗುರುವಾರದಿಂದ ಸೋಮವಾರದವರೆಗೆ. ಬೇರೆ ಊರುಗಳ ಜನ ಬಂದು ಮನೆಮನೆಯಲ್ಲಿ ಇಳಿದುಕೊಳ್ಳುತ್ತಾರೆ. ಎಫಿಯ ಮನೆಯಲ್ಲಿ ಮಂಚ, ನೆಲ, ಅಟ್ಟ ಎಲ್ಲ ತುಂಬಿ, ಕುರಿಮಾಂಸದ ಸಾರು ಒಲೆಯಿಂದ ಇಳಿಯುತ್ತಲೇ ಇರಲಿಲ್ಲ. ಇದರಲ್ಲಿ ಶುಕ್ರವಾರ ಪ್ರಶ್ನೆಯ ದಿನ. ಅವತ್ತು ಪಾದ್ರಿಗಳ ಪ್ರಸಂಗವಿಲ್ಲ. ಒಬ್ಬ ಹಿರಿಯ ಎದ್ದು, ನಿಜವಾದ ಭಕ್ತನ ಗುರುತೇನು ಎಂದು ಒಂದು ಪ್ರಶ್ನೆ ಇಡುತ್ತಾನೆ. ಸಭೆ ನಡೆಸುವವರು ಒಬ್ಬೊಬ್ಬರ ಹೆಸರು ಕರೆಯುತ್ತಾರೆ, ಕರೆಸಿಕೊಂಡವನು ಎದ್ದು ತನ್ನ ಅನುಭವದ ಮಾತು ಹೇಳುತ್ತಾನೆ. ಕರೆಯುವುದು ಮೇಜಿಗೆ ಕೂರುವವರನ್ನು ಮಾತ್ರ. ಬೆಂಚಿನವರಿಗೆ ಅವತ್ತು ಕೇಳುವ ಭಾಗ್ಯವಷ್ಟೇ.

ಆ ಸಲ ಬಿರುಗಾಳಿ ಎದ್ದು ಉಲ್ಲಾಪೂಲಿನಿಂದ ಹಡಗು ಹೊರಡಲಿಲ್ಲ, ಅತಿಥಿ ಪಾದ್ರಿ ಆಚೆ ದಡದಲ್ಲೇ ಉಳಿದರು. ಊರಿನ ಪಾದ್ರಿ ರೆವರೆಂಡ್ ನಿಕಲ್ಸನ್ನರು ಪಕ್ಕದ ಸಭಾಂಗಣದಲ್ಲಿ ಇಂಗ್ಲಿಷಿನವರ ಕೂಟ ನಡೆಸಬೇಕಿತ್ತು. ಹೀಗಾಗಿ ಚರ್ಚಿನ ಗೇಲಿಕ್ ಕೂಟವನ್ನು ಇವಾಂಡರನ ಹೆಗಲಿಗೆ ಹಾಕಿದರು.

"ಹೆದರಬೇಡ ಇವಾಂಡರ್. ಮೊದಲು ಟಾರ್ಕ್ವಿಲ್‌ನ ಕರಿ. ಆಮೇಲೆ ಫಿನ್ಲೇ ಮಾರಿಸನ್. ಆಮೇಲೆ ಬೇರೆ ಊರಿನವರು, ಅವರದ್ದು ಊರಿನ ಹೆಸರೂ ಸೇರಿಸಿ ಕರೀಬೇಕು. ನಮ್ಮವರಿಗೆ ಬರೀ ಹೆಸರು ಸಾಕು."

"ಗೊತ್ತು ಅಯ್ಯನವರೇ. ಹುಟ್ಟಿದಾಗಿಂದ ನೋಡ್ತಿದ್ದೀನಲ್ಲ."

ಪಾದ್ರಿಗಳು ಹೇಳಿದ ಫಿನ್ಲೇ ಮಾರಿಸನ್ ಇವಾಂಡರನ ಅಪ್ಪನಲ್ಲ. ಗ್ರಿನ್ನಬೋಸ್ಟ್‌ನಲ್ಲಿ ಆ ಹೆಸರಿನವರು ಮೂವರಿದ್ದರು. ನಮ್ಮ ಜನಕ್ಕೆ ಹೆಸರಿಡುವುದರಲ್ಲಿ ಭಾರಿ ಜಿಪುಣತನ. ಅಜ್ಜನ ಹೆಸರು ಮೊಮ್ಮಗನಿಗೆ, ಚಿಕ್ಕಪ್ಪನ ಹೆಸರು ಅಣ್ಣನ ಮಗನಿಗೆ. ಅದಕ್ಕೇ ದೋಣಿ ಫಿನ್ಲೇ, ಕೆಂಪ ಫಿನ್ಲೇ, ಮಗ್ಗದ ಫಿನ್ಲೇ. ದೋಣಿ ಫಿನ್ಲೇ ಸಭಾಹಿರಿಯ. ಕೆಂಪ ಫಿನ್ಲೇ ಶವಸಂಸ್ಕಾರಕ್ಕೆ ಬಿಟ್ಟರೆ ಚರ್ಚಿನ ಕಡೆ ತಲೆಹಾಕದವನು. ಮಗ್ಗದ ಫಿನ್ಲೇ ಇವಾಂಡರನ ಅಪ್ಪ. ಪೀಠದ ಮೇಲೆ ನಿಂತು ದೋಣಿ, ಮಗ್ಗ ಎಂದೆಲ್ಲ ಅಡ್ಡಹೆಸರು ಹಿಡಿದು ಕರೆಯುವ ಹಾಗಿಲ್ಲ. ಕರೆಯುವ ಅಗತ್ಯವೂ ಇರಲಿಲ್ಲ. ಪ್ರಶ್ನೆಯ ಶುಕ್ರವಾರ ಫಿನ್ಲೇ ಮಾರಿಸನ್ ಎಂದರೆ ದೋಣಿಯವನೇ ಎಂದು ತೊಟ್ಟಿಲ ಮಗುವಿಗೂ ಗೊತ್ತು.

ಕೂಟ ಶುರುವಾಯಿತು. ಕೀರ್ತನೆಯ ಮುಂದಾಳು ಒಂದೊಂದು ಸಾಲು ಎತ್ತಿಕೊಟ್ಟ, ಸಭೆ ಅದನ್ನು ಹಿಡಿದು ನಿಧಾನವಾಗಿ ಎಳೆದು ಹಾಡಿತು. ಟಾರ್ಕ್ವಿಲ್ ಮುದುಕ ಎದ್ದು ಪ್ರಶ್ನೆ ಇಟ್ಟ, "ದೇವರ ಹತ್ತಿರ ನಿಜವಾಗಿ ಬಂದವನಿಗೂ ಬಂದ ಹಾಗೆ ಕಾಣೋವನಿಗೂ ಇರೋ ವ್ಯತ್ಯಾಸದ ಗುರುತೇನು?" ತಾನೇ ಮೊದಲು ನಾಲ್ಕು ಮಾತು ಹೇಳಿ ಕೂತ. ಇವಾಂಡರ್ ಎತ್ತರದ ಪೀಠದಿಂದ ಕೆಳಗೆ ನೋಡಿದ. ಅಲ್ಲಿಂದ ಹಿರಿಯರ ಸಾಲಿನಲ್ಲಿ ಕಾಣುವುದು ಬೋಳು ತಲೆಗಳು ಮಾತ್ರ. ಅದರಲ್ಲಿ ಒಂದು ದೋಣಿ ಫಿನ್ಲೇಯದೇ ಇರಬೇಕು ಎಂದುಕೊಂಡ. ಮೊದಲ ಕೀರ್ತನೆಯ ಹೊತ್ತಿಗೇ ಸಭಾಂಗಣದ ಒಲೆ ಹೊಗೆಯಾಡಿ, ಯಾರೋ ಬಂದು ದೋಣಿ ಫಿನ್ಲೇಯನ್ನು ಕರೆದುಕೊಂಡು ಹೋಗಿದ್ದರು. ಅದನ್ನು ಇಡೀ ಚರ್ಚು ನೋಡಿತ್ತು, ಪುಸ್ತಕದಲ್ಲಿ ಮುಖ ಹುದುಗಿಸಿದ್ದ ಇವಾಂಡರ್ ನೋಡಿರಲಿಲ್ಲ.

"ಫಿನ್ಲೇ ಮಾರಿಸನ್," ಎಂದು ಕರೆದ.

ಯಾರೂ ಏಳಲಿಲ್ಲ. ಕರೆಸಿಕೊಂಡವನು ಏಳದೇ ಇರುವುದು ಆ ಚರ್ಚಿನಲ್ಲಿ ಇಲ್ಲದ್ದು. ಇವಾಂಡರ್ ಬೋಳು ತಲೆಗಳನ್ನು ಮತ್ತೆ ನೋಡಿದ. ಅವುಗಳಲ್ಲಿ ಒಂದು ಮೇಲೆ ತಿರುಗಿ, ಅವನಿಲ್ಲ ಕಣೋ ಎಂಬಂತೆ ಕಣ್ಣು ಮಿಟುಕಿಸಿತು. ಕರೆದ ಹೆಸರನ್ನು ವಾಪಸ್ ತೆಗೆದುಕೊಳ್ಳುವುದು ಹೇಗೆಂದು ಗ್ಲಾಸ್ಗೋದಲ್ಲಿ ಯಾರೂ ಹೇಳಿಕೊಟ್ಟಿರಲಿಲ್ಲ. ಹೊರಗೆ ಗಾಳಿ ಕಿಟಕಿಯನ್ನು ಬಡಿಯುತ್ತಿತ್ತು, ಒಳಗೆ ಜನ ಕೆಮ್ಮುವುದನ್ನೂ ನಿಲ್ಲಿಸಿದ್ದರು.

ಆಗ ಹಿಂದಿನಿಂದ ಮೂರನೇ ಬೆಂಚು ಕಿರುಗುಟ್ಟಿತು. ಮಗ್ಗದ ಫಿನ್ಲೇ ಎದುರಿನ ಬೆಂಚಿನ ಬೆನ್ನು ಹಿಡಿದುಕೊಂಡು ಎದ್ದು ನಿಂತ. ತಲೆಗಳೆಲ್ಲ ಹಿಂದಕ್ಕೆ ಹೊರಳಿದವು. ಪಕ್ಕದಲ್ಲಿದ್ದ ಎಫಿ ಅವನ ಕೋಟಿನ ತುದಿ ಹಿಡಿದು ಎಳೆದಳು, ಅವನು ಬಿಡಿಸಿಕೊಂಡ.

"ಹೆಸರು ಕರೆದ್ರು, ಎದ್ದೆ," ಅಂದ. "ಬಂದವನ ಗುರುತು ನಂಗೊತ್ತಿಲ್ಲ. ಅದನ್ನ ಹೇಳೋ ಹಕ್ಕೂ ನನಗಿಲ್ಲ, ನಿಮಗೆಲ್ಲ ಗೊತ್ತಿರೋದೇ. ಬರದೇ ಇರೋವನ ಗುರುತು ಬೇಕಾದ್ರೆ ಹೇಳ್ತೀನಿ. ಅದರಲ್ಲಿ ನಂಗೆ ಅಭ್ಯಾಸ ಜಾಸ್ತಿ."

ಯಾರೂ ನಗಲಿಲ್ಲ.

"ಮದುವೆಗೂ ಮುಂಚಿನ ಮಾತು. ಒಂದು ಶನಿವಾರ ಹಿರಿಯರ ಕೋಣೆ ಬಾಗಿಲ ತನಕ ಹೋದೆ, ಮೇಜಿಗೆ ಸೇರಿಸ್ಕೊಳ್ಳಿ ಅಂತ ಕೇಳೋಕೆ. ಚಿಲಕದ ಮೇಲೆ ಕೈಯಿಟ್ಟೆ. ಒಳಗೆ ಏನು ಕೇಳ್ತಾರೋ ಅಂತ ಹೆದರಿಕೆಯಾಯ್ತು, ತಿರುಗಿ ಬಂದೆ. ಆ ಹೆದರಿಕೆ ನಿಜವಾದ್ದೇ, ಅದರಲ್ಲಿ ಸುಳ್ಳಿಲ್ಲ. ಆದರೆ ತಿರುಗಿ ಬಂದಿದ್ದನ್ನ ಯಾರೋ ನೋಡಿದ್ರು. ಮಾರನೇ ವಾರ ಊರಲ್ಲೆಲ್ಲ ಅದೇ ಮಾತು. ಫಿನ್ಲೇದು ಎಂಥಾ ಸೂಕ್ಷ್ಮ ಮನಸ್ಸು, ತಾನು ಯೋಗ್ಯ ಅಲ್ಲ ಅಂತ ಬಾಗಿಲಿಂದ ವಾಪಸ್ ಬಂದ ನೋಡಿ, ಅಂತ. ನಂಗೆ ಹಿತವಾಯ್ತು ಆ ಮಾತು. ತುಂಬಾ ಹಿತವಾಯ್ತು."

ಪೀಠದ ಮೇಲೆ ಇವಾಂಡರ್ ತೆರೆದಿದ್ದ ಪುಸ್ತಕ ಮುಚ್ಚಿದ.

"ಹೆದರಿಕೆ ಯಾವಾಗ ಹೋಯ್ತೋ ಗೊತ್ತೇ ಆಗಲಿಲ್ಲ. ಹೆಸರು ಮಾತ್ರ ಉಳ್ಕೊಂತು. ಆಮೇಲೆ ನಾನು ಈ ಬೆಂಚಲ್ಲಿ ಕೂತಿದ್ದು ದೇವರಿಗೆ ಹೆದರಿ ಅಲ್ಲ. ಕೂತಿರೋದನ್ನ ನೀವು ನೋಡ್ತೀರಲ್ಲ ಅಂತ. ಎದ್ದು ಮುಂದೆ ಹೋದ್ರೆ ನಾನೂ ನಿಮ್ಮಲ್ಲೊಬ್ಬ ಆಗ್ಬಿಡ್ತೀನಲ್ಲ, ಆಗ ನನ್ನ ಯಾರು ಹೊಗಳ್ತಾರೆ? ಯೋಗ್ಯ ಅಲ್ಲ, ಯೋಗ್ಯ ಅಲ್ಲ ಅಂತ ಹೇಳ್ಕೊಂಡೇ ದೊಡ್ಡ ಮನುಷ್ಯ ಆಗಿ ಓಡಾಡಿದೆ. ನನ್ನ ಹೆಂಡತಿ ಒಬ್ಬಳೇ ಎದ್ದು ಹೋಗೋಳು. ಅವಳ ಬೆನ್ನು ನೋಡ್ತಾ ಕೂತಿರ್ತಿದ್ದೆ. ಇಷ್ಟು ವರ್ಷ ನೋಡಿದೆ. ಇದೇ ಕಣ್ರಪ್ಪಾ ಬರದೇ ಇರೋವನ ಗುರುತು." ಅಷ್ಟು ಹೇಳಿ ಕೂತ.

ಇವಾಂಡರನಿಗೆ ಎಡಿನ್‌ಬರೋದ ಮಂಡಳಿಯ ಮೇಜು ಕಣ್ಣಿಗೆ ಬಂತು. ಯೋಗ್ಯತೆ ಏನೂ ಇಲ್ಲ ನಂಗೆ, ಬಿಸ್ಕತ್ತು ಮಾರೋನು. ಆಡಿದ ತಲೆಗಳು, ತನಗಾದ ಹಿತ. ಮಗ್ಗದವನ ಮಗನೇ ಸರಿ ಎಂದುಕೊಂಡು ನಾಚಿಕೆಯಿಂದ ಬೆಂದುಹೋದ. ಮುಂದೆ ಯಾರನ್ನು ಕರೆಯಬೇಕೋ ಮರೆತೇಹೋಯಿತು. ಕೀರ್ತನೆಯ ಮುಂದಾಳು ಒಳ್ಳೆಯ ಮನುಷ್ಯ. ಯಾರೂ ಹೇಳದಿದ್ದರೂ ತಾನೇ ಒಂದು ಸಾಲು ಎತ್ತಿಕೊಂಡ.

ಕೂಟ ಬಿಟ್ಟಾಗ ಅಂಗಳದಲ್ಲಿ ಹಿಂದಿನ ಬೆಂಚಿನವರೆಲ್ಲ ಮುಖ ಗಂಟಿಕ್ಕಿಕೊಂಡಿದ್ದರು. ಡೊಲೀನಾ ಅತ್ತೆಯಂತೂ ಕೆಂಡವಾಗಿದ್ದಳು.

"ತನ್ನದು ತಾನು ಹೇಳ್ಕೊಂಡಿದ್ರೆ ಸಾಕಿತ್ತು! ನಮ್ಮನ್ನೆಲ್ಲ ಯಾಕೆ ಬಯಲಿಗೆ ಎಳೀಬೇಕಿತ್ತು ಅವನು?"

"ಅಪ್ಪ ನಿನ್ನ ಹೆಸರು ಎಲ್ಲಿ ಹೇಳಿದ ಅತ್ತೆ?"

"ಹೇಳೋದೇನು ಬಂತು? ಎಲ್ಲರೂ ನನ್ನನ್ನೇ ನೋಡಿದ್ರು!"

ನಿಕಲ್ಸನ್ನರು ಹೊಗೆ ಹಿಡಿದ ಮುಖದಲ್ಲಿ ಸಭಾಂಗಣದಿಂದ ಬಂದರು. ಸುದ್ದಿ ಆಗಲೇ ಅವರಿಗೆ ಮುಟ್ಟಿತ್ತು.

"ಈ ಸಭೆ ಹುಟ್ಟಿದಾಗಿಂದ ಹೀಗಾಗಿಲ್ಲ ಇವಾಂಡರ್."

"ತಪ್ಪಾಯ್ತು ಅಯ್ಯನವರೇ."

"ತಪ್ಪೇ. ಹಿರಿಯರು ನನ್ನ ಕೇಳ್ತಾರೆ, ನಾನು ಉತ್ತರ ಕೊಡ್ತೀನಿ."

"ದೋಣಿ ಫಿನ್ಲೇ ಏನಂದ್ರು?"

"ತಾನಿದ್ದಿದ್ರೆ ಪ್ರತಿ ವರ್ಷ ಹೇಳಿದ್ದನ್ನೇ ಹೇಳ್ತಿದ್ದೆ ಅಂದ," ಎಂದು ಪಾದ್ರಿಗಳು ಕಣ್ಣಿನ ಮಸಿ ಒರೆಸಿಕೊಂಡರು.

ಮನೆಯ ಹಿಂದೆ ಪೀಟ್ ರಾಶಿಯ ಮರೆಯಲ್ಲಿ ಅಪ್ಪ ಪೈಪಿಗೆ ಬೆಂಕಿ ಹಚ್ಚಲು ಗಾಳಿಯೊಡನೆ ಗುದ್ದಾಡುತ್ತಿದ್ದ. ಇವಾಂಡರ್ ಎರಡು ಕೈ ಅಡ್ಡ ಹಿಡಿದು ನಿಂತ. ಬೆಂಕಿ ಹತ್ತಿತು.

"ನಾನು ಕರೆದಿದ್ದು ನಿನ್ನನ್ನಲ್ಲ ಅಪ್ಪಾ."

"ಗೊತ್ತು. ದೋಣಿಯವನನ್ನ ಕರೆದೆ. ನಾನೇನು ಪೆದ್ದನಾ?"

"ಮತ್ಯಾಕೆ ಎದ್ದೆ?"

ಫಿನ್ಲೇ ಎರಡು ಸಲ ಹೊಗೆ ಎಳೆದ. "ಯಾರೂ ಏಳಲಿಲ್ಲವಲ್ಲೋ. ನೀನು ಅಷ್ಟೆತ್ತರದಲ್ಲಿ ಒಬ್ಬನೇ ನಿಂತಿದ್ದೆ. ಮುಖ ಸುಣ್ಣ ಬಳಿದ ಹಾಗಾಗಿತ್ತು. ಹಾಗೆ ಬಿಟ್ಟುಬಿಡೋಕೆ ಆಗಲಿಲ್ಲ ನಂಗೆ." ಪೈಪನ್ನು ಬಾಯಿಂದ ತೆಗೆದು, "ಎದ್ದ ಮೇಲೆ ಏನಾದ್ರೂ ಹೇಳಬೇಕಲ್ಲ. ನಿಜ ಬಿಟ್ಟು ಬೇರೆ ಏನೂ ಬಾಯಿಗೆ ಬರಲಿಲ್ಲ," ಅಂದ.

ಇವಾಂಡರನಿಗೆ ಕೇಳುವುದು ಇನ್ನೂ ಇತ್ತು. ಹಾಗಾದರೆ ಭಾನುವಾರ? ಕೇಳಲು ಬಾಯಿ ತೆರೆದವನು, ಜೀವನದಲ್ಲಿ ಮೊದಲ ಸಲವೋ ಏನೋ, ಪ್ರಶ್ನೆಯನ್ನು ನುಂಗಿಕೊಂಡ. ಆ ರಾತ್ರಿ ಮನೆಪ್ರಾರ್ಥನೆಯನ್ನು ಅಪ್ಪ ಎಂದಿನಂತೆ ಮಾಡಿದ, ಅದರಲ್ಲೂ ಸುಳಿವು ಸಿಗಲಿಲ್ಲ. ಎಫಿ ಗಂಡನ ಜೊತೆ ಆ ದಿನವೆಲ್ಲ ಒಂದು ಮಾತೂ ಆಡಲಿಲ್ಲ. ಆದರೆ ಅವನ ತಟ್ಟೆಗೆ ಮಾಂಸದ ಒಳ್ಳೆಯ ತುಂಡನ್ನೇ ಹಾಕಿದಳು. ಇದಕ್ಕೇನರ್ಥ ಎಂದು ಇವಾಂಡರ್ ಮಲಗಿಕೊಂಡೂ ಯೋಚಿಸುತ್ತಿದ್ದ.

ಶನಿವಾರ ಮಧ್ಯಾಹ್ನದ ಕೂಟವಾದ ಮೇಲೆ ಹಿರಿಯರು ತಮ್ಮ ಕೋಣೆಯಲ್ಲಿ ಕೂತರು. ಹೊಸದಾಗಿ ಮೇಜಿಗೆ ಸೇರಬೇಕೆನ್ನುವವರು ಅಲ್ಲಿ ಹೋಗಿ ಕೇಳಿಕೊಳ್ಳಬೇಕು, ಒಪ್ಪಿಗೆಯಾದರೆ ಒಂದು ಸೀಸದ ಬಿಲ್ಲೆ ಕೊಡುತ್ತಾರೆ, ಅದನ್ನು ಭಾನುವಾರ ಮೇಜಿನ ಹತ್ತಿರ ಒಪ್ಪಿಸಿ ಕೂರಬೇಕು. ಇವಾಂಡರನನ್ನು ಓಣಿಯಲ್ಲಿ ಬಾಗಿಲು ಕಾಯಲು ನಿಲ್ಲಿಸಿದ್ದರು. ಒಬ್ಬಳು ನರ್ಸ್ ಹುಡುಗಿ ಒಳಗೆ ಹೋಗಿ, ಮೂಗು ಒರೆಸಿಕೊಳ್ಳುತ್ತಾ ನಗುತ್ತಾ ಹೊರಗೆ ಬಂದಳು. ಆಮೇಲೆ ಬಹಳ ಹೊತ್ತು ಯಾರೂ ಬರಲಿಲ್ಲ. ಇನ್ನು ಮುಗಿಯಿತು ಎಂದು ಇವಾಂಡರ್ ಕಿಟಕಿ ಮುಚ್ಚಲು ತಿರುಗಿದಾಗ ಓಣಿಯಲ್ಲಿ ಬೂಟಿನ ಸದ್ದು ಕೇಳಿಸಿತು.

ಅಪ್ಪ ಶವಸಂಸ್ಕಾರಕ್ಕೆ ಹಾಕಿಕೊಳ್ಳುವ ಕೋಟು ಹಾಕಿಕೊಂಡು ಬಂದಿದ್ದ. ಮಗನನ್ನು ದಾಟಿಕೊಂಡು ಹೋಗಿ ಚಿಲಕದ ಮೇಲೆ ಕೈಯಿಟ್ಟ. ಕೈ ಅಲ್ಲಿಯೇ ನಿಂತಿತು.

"ಒಳಗೆ ಏನು ಕೇಳ್ತಾರೋ?" ಎಂದ ಮೆಲ್ಲಗೆ.

"ನನ್ನನ್ನ ಅಷ್ಟು ವರ್ಷ ಕೇಳಿದ್ರು ಅಪ್ಪಾ. ಸರಿಯಾದ ಉತ್ತರ ಏನು ಅಂತ ನಂಗೆ ಇನ್ನೂ ಗೊತ್ತಿಲ್ಲ."

"ನಿನ್ನ ಓದಿಸಿದ್ದು ದಂಡ," ಅಂದ ಫಿನ್ಲೇ. ಚಿಲಕ ಒತ್ತಿ ಒಳಗೆ ಹೋದ.

ಇವಾಂಡರ್ ಬಾಗಿಲಿಗೆ ಕಿವಿಯಿಡಬಾರದು ಎಂದುಕೊಂಡ. ಇಟ್ಟ. ಕುರ್ಚಿ ಎಳೆದ ಸದ್ದು ಬಿಟ್ಟರೆ ಏನೂ ಕೇಳಿಸಲಿಲ್ಲ. ಬಾಗಿಲು ತೆರೆದಾಗ ಅಪ್ಪನ ಮುಷ್ಟಿ ಮುಚ್ಚಿತ್ತು.

"ಏನು ಕೇಳಿದ್ರು?"

"ಯಾಕಿಷ್ಟು ತಡ ಅಂತ ದೋಣಿಯವನು ಕೇಳಿದ."

"ನೀನೇನಂದೆ?"

"ನಿನ್ನೆ ಹೇಳಿದೆ, ನೀನಿದ್ರೆ ತಾನೆ ಕೇಳಿಸ್ಕೊಳ್ಳೋಕೆ ಅಂದೆ."

ಭಾನುವಾರ ಗಾಳಿ ನಿಂತಿತ್ತು. ಮೇಜಿಗೆ ಕರೆಯುವ ಕೀರ್ತನೆ ಶುರುವಾಯಿತು. ಜನ ಒಬ್ಬೊಬ್ಬರಾಗಿ ಬೆಂಚಿನಿಂದ ಎದ್ದು, ಹಾಡಿನಷ್ಟೇ ನಿಧಾನವಾಗಿ ನಡುದಾರಿಯಲ್ಲಿ ನಡೆದರು. ಇವಾಂಡರ್ ಆಗಲೇ ಮೇಜಿಗೆ ಬಂದು ಕೂತು, ಎರಡೂ ಪಕ್ಕ ಒಂದೊಂದು ಜಾಗ ಬಿಡಿಸಿಟ್ಟಿದ್ದ. ಅಪ್ಪನನ್ನು ತನ್ನ ಆಚೆ ಕೂರಿಸಿಕೊಂಡರೆ ರೊಟ್ಟಿ ತನ್ನ ಕೈಯಿಂದಲೇ ಅವನಿಗೆ ಹೋಗುತ್ತದೆ ಎಂದು ಲೆಕ್ಕ ಹಾಕಿದ್ದ. ರೊಟ್ಟಿ ಯಾವ ತುದಿಯಿಂದ ಬರುತ್ತದೆ ಎಂಬುದನ್ನೂ ಮೊದಲೇ ವಿಚಾರಿಸಿಕೊಂಡಿದ್ದ.

ಎಫಿ ಎದ್ದಳು. ಎಂದಿನಂತೆ ಹಿಂದೆ ನೋಡದೆ ನಡೆದಳು. ಅವಳ ಹಿಂದೆ ಫಿನ್ಲೇ ಎದ್ದ. ಅರ್ಧ ದಾರಿಯಲ್ಲಿ ಎಫಿಯ ಹೆಜ್ಜೆ ನಿಂತಿತು. ಅವಳು ತಿರುಗಲಿಲ್ಲ, ಅವನು ಪಕ್ಕಕ್ಕೆ ಬರುವವರೆಗೆ ಕಾದಳು ಅಷ್ಟೇ. ಇಬ್ಬರೂ ಬಿಲ್ಲೆ ಒಪ್ಪಿಸಿದರು. ಹಿಂದಿನ ಬೆಂಚಿನಲ್ಲಿ ಡೊಲೀನಾ ಅತ್ತೆ ಹಾಡು ನಿಲ್ಲಿಸಿ, ಅಣ್ಣನ ಬೆನ್ನನ್ನೇ ನೋಡುತ್ತಿದ್ದಳು.

ಇವಾಂಡರನ ಲೆಕ್ಕವೆಲ್ಲ ಅಲ್ಲಿ ಕೆಟ್ಟಿತು. ಅವನು ಕಣ್ಣಿನಲ್ಲೇ ಆಚೆ ಜಾಗ ತೋರಿಸಿದ. ಅಪ್ಪ ಅದನ್ನು ಗಮನಿಸಲೇ ಇಲ್ಲ. ಹೆಂಡತಿಯ ಬೆನ್ನ ಹಿಂದೆ ಕೂತದ್ದು ಸಾಕಾಗಿತ್ತೋ ಏನೋ, ಅವಳಿಗೆ ಅಂಟಿಕೊಂಡೇ ಈಚೆ ಪಕ್ಕದ ಒಂದೇ ಜಾಗದಲ್ಲಿ ಒತ್ತಿಕೊಂಡು ಕೂತುಬಿಟ್ಟ. ರೊಟ್ಟಿ ಬರುವ ಕಡೆ ಎಫಿ, ಆಮೇಲೆ ಫಿನ್ಲೇ, ಆಮೇಲೆ ಇವಾಂಡರ್.

ದೋಣಿ ಫಿನ್ಲೇ ಮೇಜಿನ ತುದಿಯಲ್ಲಿ ರೊಟ್ಟಿಯ ತಟ್ಟೆಯನ್ನು ಮೊದಲನೆಯವರಿಗೆ ಕೊಟ್ಟ. ಅದು ಕೈಯಿಂದ ಕೈಗೆ ಬಂತು. ಎಫಿ ಒಂದು ಚೂರು ಮುರಿದುಕೊಂಡು ತಟ್ಟೆಯನ್ನು ಗಂಡನ ಕೈಗೆ ಕೊಟ್ಟಳು. ಫಿನ್ಲೇ ನೂಲಿನ ಎಣ್ಣೆ ಇಂಗಿ ಕಪ್ಪಾದ ಬೆರಳುಗಳಿಂದ ಮುರಿದು ಬಾಯಿಗೆ ಹಾಕಿಕೊಂಡ. ಆಮೇಲೆ ಮಗನ ಕಡೆ ತಿರುಗಿದ. ಊಟದ ಹೊತ್ತಿನಲ್ಲಿ ಆಲೂಗಡ್ಡೆಯ ಬಟ್ಟಲು ದಾಟಿಸುವಾಗ ಹೇಳುವ ಹಾಗೆಯೇ, ಯಾರಿಗೂ ಕೇಳಿಸದಷ್ಟು ಮೆಲ್ಲಗೆ, "ತಗೋ ಮಗಾ," ಅಂದ.

ಅಪ್ಪನಿಗೆ ಕೊಡಬೇಕು ಎಂದು ಗ್ರೀಕು, ಹೀಬ್ರೂ ಎಲ್ಲ ಕಲಿತು ಬಂದಿದ್ದ ಇವಾಂಡರ್ ಎರಡೂ ಕೈ ಒಡ್ಡಿದ.